ಬಿಎ, ಬಿಎಡ್, ಎಂಎ: ಅರ್ಜಿ ತುಂಬುವ ಮೊದಲು ಇಷ್ಟು ನೋಡಿಕೊಳ್ಳಿ

ಮೊದಲು ಕೆಲಸ ನೋಡಿ, ಆಮೇಲೆ ಕೋರ್ಸ್ ನೋಡಿ. ಮಲೆನಾಡಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನಾನು, ಪ್ರವೇಶದ ಸಮಯದಲ್ಲಿ ಬರುವ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಹೇಳುವುದು ಇದನ್ನೇ. "ಆರ್ಟ್ಸ್‌ನಲ್ಲಿ ಯಾವ ಕೋರ್ಸ್ ಒಳ್ಳೇದು ಮೇಡಂ?" ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. "ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಬೇಕು, ಏನು ಓದಲಿ?" ಅಂತ ಕೇಳಿದರೆ ಪೂರ್ತಿ ದಾರಿ ತೋರಿಸಬಹುದು.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಇದು. ನಿಮಗೆ ಬೇಕಾದ ಹುದ್ದೆಗೆ ಸರ್ಕಾರ ಕೊನೆಯ ಸಲ ಹೊರಡಿಸಿದ ನೇಮಕಾತಿ ಅಧಿಸೂಚನೆಯನ್ನು ಇಳಿಸಿಕೊಳ್ಳಿ. ಅದರಲ್ಲಿ 'ವಿದ್ಯಾರ್ಹತೆ' ಅನ್ನುವ ಭಾಗವನ್ನು ನಿಧಾನವಾಗಿ ಓದಿ. ಪದವಿಯಲ್ಲಿ ಯಾವ ವಿಷಯ ಓದಿರಬೇಕು, ಎಷ್ಟು ಶೇಕಡಾ ಬೇಕು, ಬಿಎಡ್ ಬೇಕೋ ಬೇಡವೋ ಎಲ್ಲ ಅಲ್ಲಿರುತ್ತದೆ. ಬಿಎ ಸೇರುವ ಹುಡುಗ ಹುಡುಗಿ ಅದನ್ನು ಈಗಲೇ ಯಾಕೆ ಓದಬೇಕು ಅಂತ ಮನೆಯವರು ಕೇಳುತ್ತಾರೆ. ಯಾಕೆಂದರೆ ಮೂರು ವರ್ಷ ಆದ ಮೇಲೆ ವಿಷಯ ಬದಲಾಯಿಸಲು ಆಗುವುದಿಲ್ಲ.

ಬಿಎಯಲ್ಲಿ ಎಲ್ಲರೂ ಎಡವುವುದು ವಿಷಯಗಳ ಜೋಡಣೆಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು. 2024ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ. ಹಳೆಯಂತೆ ಮೂರು ಐಚ್ಛಿಕ ವಿಷಯ, ಅಂದರೆ ಪದವಿಯ ಮುಖ್ಯ ವಿಷಯ, ಆರಿಸಿಕೊಳ್ಳಬೇಕು. ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ತಿಳಿದುಕೊಳ್ಳಿ. ಎಲ್ಲರೂ ಓದುವ ಭಾಷಾ ಕನ್ನಡ ಬೇರೆ, ಐಚ್ಛಿಕ ಕನ್ನಡ ಬೇರೆ. "ನಾನು ಡಿಗ್ರಿಯಲ್ಲಿ ಕನ್ನಡ ಓದಿದ್ದೀನಿ ಅಲ್ವಾ" ಅಂತ ಕನ್ನಡ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕಲು ಹೋದಾಗ, ಅಲ್ಲಿ ಕೇಳುವುದು ಐಚ್ಛಿಕ ಕನ್ನಡ. ಇಂಗ್ಲಿಷಿಗೂ ಇದೇ ಮಾತು.

ಶಿಕ್ಷಕರಾಗುವ ಆಸೆ ಇದ್ದರೆ ಇನ್ನೊಂದು ಎಚ್ಚರ ಬೇಕು. ಬಿಎಡ್‌ನಲ್ಲಿ ನೀವು ಬೋಧನಾ ವಿಷಯ ಆರಿಸಿಕೊಳ್ಳುವುದು ಪದವಿಯಲ್ಲಿ ಓದಿದ, ಶಾಲೆಯಲ್ಲಿ ಪಾಠ ಇರುವ ವಿಷಯಗಳಿಂದ. ಮನಃಶಾಸ್ತ್ರ, ಪತ್ರಿಕೋದ್ಯಮ ಎರಡೂ ಚಂದದ ವಿಷಯಗಳೇ. ಆದರೆ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಅವು ಇಲ್ಲ. ಆ ಎರಡರ ಜೊತೆ ಶಾಲೆಗೆ ಬೇಕಾದ್ದು ಒಂದೇ ವಿಷಯ ಉಳಿದರೆ ಬಿಎಡ್ ಬಾಗಿಲಲ್ಲಿ ಕಷ್ಟ ಆಗುತ್ತದೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಅಂತ ತೆಗೆದುಕೊಂಡವರಿಗೆ ಭಾಷೆಯ ದಾರಿಯೂ ಸಮಾಜ ವಿಜ್ಞಾನದ ದಾರಿಯೂ ತೆರೆದಿರುತ್ತವೆ. ನನ್ನನ್ನು ಕೇಳಿದರೆ ಹಳ್ಳಿಯ ಕಡೆಯಿಂದ ಬಂದು, ಇನ್ನೂ ಮನಸ್ಸು ಗಟ್ಟಿ ಮಾಡಿಕೊಳ್ಳದ ಮಕ್ಕಳಿಗೆ ಇಂಥ ಜೋಡಣೆಯೇ ಸರಿ.

ಇನ್ನು, ಯಾವ ತರಗತಿಗೆ ಪಾಠ ಮಾಡುತ್ತೀರಿ ಅನ್ನುವುದರ ಮೇಲೆ ಓದು ಬದಲಾಗುತ್ತದೆ. 1ರಿಂದ 5ನೇ ತರಗತಿಗೆ ಪಿಯು ಆದ ಮೇಲೆ ಎರಡು ವರ್ಷದ ಡಿಎಲ್‌ಎಡ್ ಅನ್ನುವ ಶಿಕ್ಷಕರ ತರಬೇತಿ ಡಿಪ್ಲೊಮಾ. ಇದನ್ನು ಒತ್ತಿ ಹೇಳುತ್ತೇನೆ. ಬಿಎಡ್ ಮಾಡಿದವರು ಈ ಹಂತಕ್ಕೆ ಅರ್ಹರಲ್ಲ ಅಂತ ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. ಚಿಕ್ಕ ಮಕ್ಕಳ ಜೊತೆ ಇರುವುದೇ ಇಷ್ಟ ಅನ್ನುವವರು "ಬಿಎಡ್ ದೊಡ್ಡದು, ಅದನ್ನೇ ಮಾಡೋಣ" ಅಂತ ಹೋಗಬೇಡಿ. 6ರಿಂದ 8ಕ್ಕೆ ಪದವಿ, ಶಿಕ್ಷಕರ ತರಬೇತಿ ಮತ್ತು ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ. ಹೈಸ್ಕೂಲಿಗೆ ಪದವಿ ಮತ್ತು ಬಿಎಡ್. ಪಿಯು ಉಪನ್ಯಾಸಕರ ಹಿಂದಿನ ನೇಮಕಾತಿಗಳಲ್ಲಿ ಎಂಎ ಜೊತೆ ಬಿಎಡ್ ಕೂಡ ಕೇಳಿದ್ದಾರೆ. ಪದವಿ ಕಾಲೇಜಿಗೆ ಬಿಎಡ್ ಬೇಡ. ಎಂಎಯಲ್ಲಿ 55 ಶೇಕಡಾ, ಜೊತೆಗೆ ನೆಟ್ ಅಥವಾ ಕೆಸೆಟ್ ಅನ್ನುವ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಮೀಸಲಾತಿಯವರಿಗೆ ಶೇಕಡಾವಾರಿನಲ್ಲಿ ರಿಯಾಯಿತಿ ಇದೆ.

ಟಿಇಟಿ 150 ಅಂಕದ ಪರೀಕ್ಷೆ. ಸಾಮಾನ್ಯ ವರ್ಗದವರಿಗೆ 90 ಅಂಕ ಬೇಕು. 6ರಿಂದ 8ನೇ ತರಗತಿಯವರು ಬರೆಯುವ ಎರಡನೇ ಪತ್ರಿಕೆಯಲ್ಲಿ ನಿಮ್ಮ ವಿಷಯಕ್ಕೆ 60, ಎರಡು ಭಾಷೆಗೆ ತಲಾ 30, ಮಕ್ಕಳ ಬೆಳವಣಿಗೆ ಮತ್ತು ಬೋಧನೆಗೆ 30. ಎಲ್ಲರೂ ತಮ್ಮ ವಿಷಯವನ್ನೇ ಉರು ಹೊಡೆಯುತ್ತಾರೆ. ಆದರೆ 60 ಅಂಕ ಎರಡು ಭಾಷೆಯಲ್ಲೇ ಇದೆ ಅನ್ನುವುದನ್ನು ಮರೆಯುತ್ತಾರೆ. ದಿನಕ್ಕೆ ಒಂದು ಕನ್ನಡ ಗದ್ಯಭಾಗ, ಒಂದು ಇಂಗ್ಲಿಷ್ ಗದ್ಯಭಾಗ ಓದಿ ಪ್ರಶ್ನೆಗೆ ಉತ್ತರಿಸುವ ಅಭ್ಯಾಸವನ್ನು ಬಿಎಡ್‌ನ ಮೊದಲ ಸೆಮಿಸ್ಟರಿನಿಂದಲೇ ಇಟ್ಟುಕೊಳ್ಳಿ. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ.

ಬಿಎಡ್ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ. ಮೊದಲು ಶಿಕ್ಷಕರ ತರಬೇತಿ ಕಾಲೇಜುಗಳಿಗೆ ಒಪ್ಪಿಗೆ ಕೊಡುವ ಕೇಂದ್ರದ ಮಂಡಳಿಯಾದ ಎನ್‌ಸಿಟಿಇಯ ಮಾನ್ಯತೆ ಇದೆಯಾ ಅಂತ ಎನ್‌ಸಿಟಿಇಯ ಜಾಲತಾಣದಲ್ಲೇ ನೋಡಿ. ಆಮೇಲೆ ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಒಂದೇ ಪ್ರಶ್ನೆ ಕೇಳಿ: "ಇಂಟರ್ನ್‌ಶಿಪ್‌ಗೆ ಯಾವ ಶಾಲೆಗೆ ಕಳಿಸಿದರು, ನೀವು ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದರು?" ಎರಡು ವರ್ಷದ ಬಿಎಡ್‌ನಲ್ಲಿ 20 ವಾರ ಶಾಲೆಯಲ್ಲೇ ಇರಬೇಕು. ಕೋರ್ಸಿನ ಜೀವ ಇರುವುದೇ ಅಲ್ಲಿ. ಅಧ್ಯಾಪಕರು ಬಂದು ಕೂತು, ಪಾಠ ಮುಗಿದ ಮೇಲೆ "ಮೂರನೇ ಸಾಲಿನ ಹುಡುಗಿಗೆ ನೀನು ಹೇಳಿದ್ದು ಗೊತ್ತಾಗಲಿಲ್ಲ, ಗಮನಿಸಿದೆಯಾ?" ಅಂತ ಕೇಳುವ ಕಾಲೇಜು ಸಿಕ್ಕರೆ ಬಿಡಬೇಡಿ, ಮನೆಯಿಂದ ದೂರ ಇದ್ದರೂ ಹೋಗಿ. "ಹಾಜರಾತಿ ನಾವು ನೋಡ್ಕೊಳ್ತೀವಿ, ಪರೀಕ್ಷೆಗೆ ಬಂದರೆ ಸಾಕು" ಅನ್ನುವ ಕಡೆ ದಯವಿಟ್ಟು ಸೇರಬೇಡಿ. ಮುಂದೆ ನಲವತ್ತು ಮಕ್ಕಳ ಎದುರು ನಿಲ್ಲುವವರು ನೀವು. ಆ ಮಕ್ಕಳಿಗೆ ಮೋಸ ಆಗುತ್ತದೆ.

ಪಿಯು ಆದ ಕೂಡಲೇ ಶಿಕ್ಷಕರಾಗುವುದು ಖಚಿತ ಅನ್ನುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಎನ್‌ಸಿಇಆರ್‌ಟಿ ನಡೆಸುವುದು, 1963ರದ್ದು. ಪದವಿ ಮತ್ತು ಬಿಎಡ್ ಒಟ್ಟಿಗೇ ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಕಡೆಯ ಮಕ್ಕಳು ಅದರ ಹೆಸರೇ ಕೇಳಿರುವುದಿಲ್ಲ ಅನ್ನುವುದು ನನಗೆ ನಿಜವಾಗಿ ಬೇಜಾರಿನ ಸಂಗತಿ. ದ್ವಿತೀಯ ಪಿಯುನಲ್ಲಿ ಇರುವಾಗಲೇ ಅರ್ಜಿಯ ದಿನಾಂಕ ಹುಡುಕಿ ಇಟ್ಟುಕೊಳ್ಳಿ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಎಂಎ ಕನ್ನಡ ಅಂದರೆ ಕಥೆ ಕವನ ಓದುತ್ತಾ ಇರುವುದು ಅಂತ ಕೆಲವರು ತಿಳಿದಿರುತ್ತಾರೆ. ಅದೂ ಇದೆ. ಜೊತೆಗೆ ಹಳಗನ್ನಡ ಕಾವ್ಯ, ವ್ಯಾಕರಣ, ಛಂದಸ್ಸು, ಕಾವ್ಯಮೀಮಾಂಸೆ, ಭಾಷಾವಿಜ್ಞಾನ, ಜಾನಪದ, ಶಾಸನ, ಗ್ರಂಥಸಂಪಾದನೆ ಎಲ್ಲ ಇದೆ. ಸೇರುವ ಮೊದಲು ವಿಭಾಗದ ಪಠ್ಯಕ್ರಮ ತೆಗೆದು ಓದಿ. ಮೂರನೇ, ನಾಲ್ಕನೇ ಸೆಮಿಸ್ಟರಿನ ಪಟ್ಟಿಯನ್ನೂ ಬಿಡಬೇಡಿ.

ಆಮೇಲೆ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿಕೊಳ್ಳಿ. ಗ್ರಂಥಾಲಯದಿಂದ ಪಂಪನದೋ ರನ್ನನದೋ ಒಂದು ಕಂದಪದ್ಯ ಬರೆದುಕೊಂಡು ಬನ್ನಿ. ಅರ್ಥದ ಪುಸ್ತಕ ಮುಟ್ಟಬೇಡಿ. ಮೊದಲು ಗಟ್ಟಿಯಾಗಿ ಓದಿ, ಎರಡು ಮೂರು ಸಲ. ಕಂದದ ಮೊದಲ ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡನೇ ಮತ್ತು ನಾಲ್ಕನೇ ಸಾಲಿಗೆ 20 ಮಾತ್ರೆ. ಎಣಿಸಿ ನೋಡಿ. ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಕೂತಿರುತ್ತದೆ, ಅದನ್ನು ಗುರುತು ಹಾಕಿ. ಆಮೇಲೆ ಸಂಧಿ ಬಿಡಿಸಿ. ಕ್ರಿಯಾಪದ ಎಲ್ಲಿದೆ ಹುಡುಕಿ, ಆ ಕೆಲಸ ಮಾಡಿದವನು ಯಾರು ಕೇಳಿ. ಅಷ್ಟಾದರೆ ಪದ್ಯ ಅರ್ಧ ಬಾಯಿ ಬಿಟ್ಟ ಹಾಗೆ. ಉಳಿದ ಪದಗಳಿಗೆ ನಿಘಂಟು ನೋಡಿ. ಭಾರತವಾಣಿ ಜಾಲತಾಣದಲ್ಲಿ ಕನ್ನಡದ ನಿಘಂಟುಗಳು ಉಚಿತವಾಗಿ ಸಿಗುತ್ತವೆ. ಒಂದು ಪದ್ಯಕ್ಕೆ ಒಂದು ಸಂಜೆ ಹೋಗಲಿ, ಪರವಾಗಿಲ್ಲ. ಆ ಸಂಜೆ ನಿಮಗೆ ಖುಷಿ ಕೊಟ್ಟರೆ ಧೈರ್ಯವಾಗಿ ಅರ್ಜಿ ಹಾಕಿ. ತಲೆನೋವು ಮಾತ್ರ ಬಂದರೆ ಇನ್ನೊಂದು ವಾರ ಬಿಟ್ಟು ಮತ್ತೊಂದು ಪದ್ಯ ತೆಗೆದುಕೊಂಡು ನೋಡಿ. ಆಗಲೂ ಬೇಡ ಅನಿಸಿದರೆ ಇತಿಹಾಸ, ಪತ್ರಿಕೋದ್ಯಮ ಅಥವಾ ಸಮಾಜಶಾಸ್ತ್ರದ ಎಂಎ ಬಗ್ಗೆ ಯೋಚಿಸುವುದು ಒಳ್ಳೆಯದು. ಎಂಎ ಕನ್ನಡ ಸುಲಭವಾಗಿ ಸಿಗುತ್ತದೆ ಅಂತ ಸೇರಿದವರು ಎರಡು ವರ್ಷ ಕಳೆದುಕೊಳ್ಳುತ್ತಾರೆ. ಇಷ್ಟಪಟ್ಟು ಸೇರಿದವರು ತರಗತಿಯಲ್ಲಿ ಕೂತ ರೀತಿಯಲ್ಲೇ ಗೊತ್ತಾಗುತ್ತಾರೆ.

ಎಲ್ಲಿ ಓದಬೇಕು? ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಅದರದ್ದೇ. ಉತ್ತರ ಕರ್ನಾಟಕದವರಿಗೆ 1949ರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇದೆ. ನಮ್ಮ ಕಡೆಯವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕನ್ನಡ ಭಾರತಿ ಹತ್ತಿರ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸಂಶೋಧನೆಗೆಂದೇ ಹುಟ್ಟಿದ್ದು. ಪಿಎಚ್‌ಡಿ ಮನಸ್ಸಿನಲ್ಲಿ ಇರುವವರು ಅದನ್ನು ನೋಡಲೇಬೇಕು. ಜಾನಪದವೇ ಇಷ್ಟ ಅಂದರೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹೆಸರಿನ ಮೇಲೆ ಆರಿಸಬೇಡಿ. ವಿಭಾಗಕ್ಕೆ ಒಂದು ದಿನ ಹೋಗಿ ಬನ್ನಿ. ಕಾಯಂ ಅಧ್ಯಾಪಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆಗೆದಿರುತ್ತದೆ ಕೇಳಿ. ಯಾರಾದರೂ ಪಾಠ ಮಾಡುತ್ತಿದ್ದರೆ ಅನುಮತಿ ಕೇಳಿ ಹಿಂದೆ ಕೂತುಕೊಳ್ಳಿ. ಒಳ್ಳೆಯ ಮೇಷ್ಟ್ರು ಬೇಡ ಅನ್ನುವುದಿಲ್ಲ.

ಪತ್ರಿಕೋದ್ಯಮಕ್ಕೆ ಸಾಮಾನ್ಯವಾಗಿ ಯಾವ ಪದವಿಯವರೂ ಹೋಗಬಹುದು. ಇಲ್ಲಿಯೂ ನನ್ನ ಸಲಹೆ ಒಂದೇ, ಮೊದಲು ಕೆಲಸ ಮಾಡಿ ನೋಡಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ ಕೂತುಕೊಳ್ಳಿ. ಏನು ಕೇಳಿದರು, ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಬರೆದುಕೊಳ್ಳಿ. ರಾತ್ರಿ ಮಲಗುವ ಮೊದಲು ಮುನ್ನೂರು ಪದದಲ್ಲಿ ಸುದ್ದಿ ಮಾಡಿ. ನಿಮ್ಮ ಅಭಿಪ್ರಾಯ ಒಂದು ಸಾಲೂ ಬೇಡ. ಕ್ಯಾಮೆರಾ ಮುಂದೆ ನಿಲ್ಲುವ ಆಸೆ ಇರುವವರಿಗೂ ಇದೇ ಮೊದಲ ಪಾಠ. ವಿಭಾಗ ನೋಡಲು ಹೋದಾಗ ಸ್ಟುಡಿಯೋ ತೋರಿಸುತ್ತಾರೆ. ವಿದ್ಯಾರ್ಥಿಗಳೇ ಬರೆದು ಹೊರತರುವ ಪ್ರಾಯೋಗಿಕ ಪತ್ರಿಕೆ ಇದೆಯಾ, ಕೊನೆಯ ಸಂಚಿಕೆ ಯಾವ ತಿಂಗಳದ್ದು ಅಂತ ಕೇಳಿ. ನುಡಿ ತಂತ್ರಾಂಶದಲ್ಲೂ ಯೂನಿಕೋಡ್‌ನಲ್ಲೂ ಕನ್ನಡವನ್ನು ವೇಗವಾಗಿ ಟೈಪ್ ಮಾಡಲು ಈಗಲೇ ಕಲಿಯಿರಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು. 'ಆಕಾಶವಾಣಿ' ಅನ್ನುವ ಹೆಸರು ಆ ಕೇಂದ್ರದ್ದು. ಮಾಧ್ಯಮಕ್ಕೆ ಬರಲು ಮಾಧ್ಯಮದ ಪದವಿಯೇ ಬೇಕು ಅಂತೇನಿಲ್ಲ ಅಂತ ಮಕ್ಕಳಿಗೆ ಹೇಳುವಾಗ ನನಗೆ ಅವರ ನೆನಪಾಗುತ್ತದೆ.

ಚಿತ್ರಕಲೆ, ನಾಟಕದ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇದ್ದಾರೆ, ಹಾಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ದೃಶ್ಯಕಲೆಗೆ ಮೈಸೂರಿನ ಕಾವಾ ಅನ್ನುವ ಸರ್ಕಾರಿ ಕಲಾ ಕಾಲೇಜು, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇವೆ. ಪದವಿ ನಾಲ್ಕು ವರ್ಷದ್ದು. ಪ್ರವೇಶಕ್ಕೆ ಹೋದಾಗ ಎದುರಿಗೆ ಕೂತು ಚಿತ್ರ ಬರೆಯಲು ಹೇಳುತ್ತಾರೆ, ಹಾಗಾಗಿ ಫೋಟೋ ನೋಡಿ ನಕಲು ಮಾಡುವುದನ್ನು ಬಿಟ್ಟು ಸಂತೆ, ಬಸ್ ನಿಲ್ದಾಣದಲ್ಲಿ ಕೂತು ಜನರನ್ನು ಬರೆದು ಅಭ್ಯಾಸ ಮಾಡಿ. ರಂಗಭೂಮಿಗೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಡಿಪ್ಲೊಮಾ ಕೊಡುತ್ತಿದೆ. ಅದು ವಿಶ್ವವಿದ್ಯಾಲಯದ ಪದವಿ ಅಲ್ಲ. ಹಾಗಾಗಿ ಬಿಎ ಮುಗಿಸಿಕೊಂಡು ಹೋಗಿ ಅನ್ನುತ್ತೇನೆ. ಆಗ ವಾಪಸ್ ಬಂದ ಮೇಲೆ ಬಿಎಡ್, ಎಂಎ ಬಾಗಿಲು ಮುಚ್ಚಿರುವುದಿಲ್ಲ.

ಕೊನೆಗೆ ಕಾಗದಪತ್ರ. ಸೀಟು ತಪ್ಪುವುದು ಜಾಸ್ತಿ ಇಲ್ಲೇ. ರಾಜ್ಯದ ವಿಶ್ವವಿದ್ಯಾಲಯಗಳ ಪದವಿ, ಎಂಎ ಅರ್ಜಿಯನ್ನು ಸಾಮಾನ್ಯವಾಗಿ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹಾಕಬೇಕು. ಬಿಎಡ್‌ನ ಸರ್ಕಾರಿ ಸೀಟಿಗೆ ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ ಬೇರೆಯೇ ಅರ್ಜಿ ಕರೆಯುತ್ತದೆ. ಎರಡರಲ್ಲೂ ಹೆಸರಿನ ಕಾಗುಣಿತ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಆಧಾರ್‌ನಲ್ಲಿ ಬೇರೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ತಂದು ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬೇರೆ ಕಡೆ ಬರೆದಿಟ್ಟುಕೊಳ್ಳಿ, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಅರ್ಜಿಗೂ ಅದು ಬೇಕು. ಕಲ್ಯಾಣ ಕರ್ನಾಟಕದವರು ಆ ಭಾಗದ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಗ್ರಾಮೀಣ ವ್ಯಾಸಂಗ ಮತ್ತು ಕನ್ನಡ ಮಾಧ್ಯಮ ಪ್ರಮಾಣಪತ್ರಕ್ಕೆ ಓದಿದ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಇವು ಮುಂದೆ ನೌಕರಿಯ ಮೀಸಲಾತಿಗೂ ಬೇಕಾಗುತ್ತವೆ. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕಚೇರಿಯ ಮುಂದೆ ದೊಡ್ಡ ಸಾಲು ಇರುತ್ತದೆ.

ಹಾಸ್ಟೆಲ್ ಅರ್ಜಿ ಬೇರೆ, ಪ್ರವೇಶದ ಅರ್ಜಿ ಬೇರೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆ, ವಿಶ್ವವಿದ್ಯಾಲಯದ ಸ್ವಂತ ಹಾಸ್ಟೆಲ್, ಮೂರಕ್ಕೂ ಕೊನೆಯ ದಿನಾಂಕ ಬೇರೆ ಬೇರೆ. ಸೀಟು ಸಿಕ್ಕ ದಿನವೇ ಶುಲ್ಕದ ರಸೀದಿಯ ನಕಲು ತೆಗೆಸಿ ಮೂರರ ಬಗ್ಗೆಯೂ ವಿಚಾರಿಸಿ. ಹಾಸ್ಟೆಲ್ ಪಟ್ಟಿಯಲ್ಲಿ ಹೆಸರು ಬರುವವರೆಗೆ ಹುಡುಗಿಯರು ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಉಚಿತವಾಗಿ ಓಡಾಡಬಹುದು. ಹುಡುಗರು ಸರ್ಕಾರಿ ಬಸ್ಸಿನ ವಿದ್ಯಾರ್ಥಿ ಪಾಸ್‌ಗೆ ಅದೇ ವಾರ ಅರ್ಜಿ ಹಾಕಿಬಿಡಿ.