ಜನ ಸೇರಿದರೆ ಚಳವಳಿಯೇ? ಪರೀಕ್ಷಿಸುವುದು ಹೀಗೆ

ಸಮಾಜಶಾಸ್ತ್ರದ ಉತ್ತರಪತ್ರಿಕೆ ತಿದ್ದಲು ಕೂತಾಗಲೆಲ್ಲ ಕಣ್ಣಿಗೆ ಬೀಳುವ ಸಾಲೊಂದಿದೆ: 'ಸಾವಿರಾರು ಜನ ಬೀದಿಗಿಳಿದರು, ಆದ್ದರಿಂದ ಇದು ಸಾಮಾಜಿಕ ಚಳವಳಿ.' ತಮ್ಮ ತಂಡ ಫೈನಲ್ ಗೆದ್ದ ರಾತ್ರಿಯೂ ಸಾವಿರಾರು ಜನ ಬೀದಿಗಿಳಿಯುತ್ತಾರಲ್ಲ! ತಲೆ ಎಣಿಸುವುದನ್ನು ಬಿಟ್ಟು, ಒಂದು ಘಟನೆ ಎತ್ತಿಕೊಂಡು ಹೀಗೆ ಪರೀಕ್ಷಿಸಿ.

1. ಬೇಡಿಕೆ ಏನು, ಎದುರಿಗಿರುವುದು ಯಾರು ಎಂದು ಒಂದೊಂದು ಸಾಲು ಬರೆದುಕೊಳ್ಳಿ. ಎದುರಿಗಿರುವುದು ಸರ್ಕಾರವೇ ಆಗಬೇಕಿಲ್ಲ, ಹಳೆಯ ರೂಢಿಯೂ ಆಗಬಹುದು. ಬದಲಾವಣೆ ಬೇಡ ಎಂದು ಹುಟ್ಟಿದ್ದೂ ಚಳವಳಿಯೇ.

2. ಎಷ್ಟು ಕಾಲ ನಡೆಯಿತು ನೋಡಿ. ಒಂದು ಮಧ್ಯಾಹ್ನದ ಗಲಭೆ ಲೆಕ್ಕಕ್ಕಿಲ್ಲ. ಎರಡು ದಿನದ ಹ್ಯಾಷ್‌ಟ್ಯಾಗ್ ಅಂತೂ ಇಲ್ಲವೇ ಇಲ್ಲ.

3. ಜನರನ್ನು ಹಿಡಿದಿಟ್ಟಿದ್ದು ಏನು? ಎಲ್ಲರೂ ಎಡವುವುದು ಇಲ್ಲೇ. 'ಅನ್ಯಾಯವಿತ್ತು, ಜನ ಎದ್ದರು' ಎಂದು ಬರೆದು ಪುಟ ತಿರುಗಿಸುತ್ತಾರೆ. ಅನ್ಯಾಯ ಇದ್ದ ಕಡೆಯಲ್ಲೆಲ್ಲ ಚಳವಳಿ ಏಳುವುದಿಲ್ಲ.

ಅಮೆರಿಕದ ಮಾಂಟ್‌ಗೊಮರಿಯನ್ನೇ ನೋಡಿ. 1955ರ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕಾಲ್ವಿನ್ ಎಂಬ ಕಪ್ಪು ಹುಡುಗಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲಿಲ್ಲ. ಪೊಲೀಸರು ಹಿಡಿದುಕೊಂಡು ಹೋದರು. ಬಸ್ ಬಹಿಷ್ಕಾರ ನಡೆಯಲಿಲ್ಲ. ಅದೇ ವರ್ಷ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅದನ್ನೇ ಮಾಡಿದರು. 5ರಂದು ಕಪ್ಪು ಜನ ಬಸ್ ಹತ್ತಲಿಲ್ಲ. ಅನ್ಯಾಯ ಎರಡೂ ಸಲ ಒಂದೇ. ಈ ಸಲ ಅದರ ಸುತ್ತ ಜಾಲವೊಂದು ಕೆಲಸಕ್ಕಿಳಿಯಿತು. ಬಹಿಷ್ಕಾರ ನಡೆದೀತೆಂದು ಮಹಿಳಾ ಮಂಡಳಿಯೊಂದು 1954ರಲ್ಲೇ ಮೇಯರ್‌ಗೆ ಪತ್ರ ಬರೆದಿತ್ತು. ಅದರ ಅಧ್ಯಕ್ಷೆ ಜೋ ಆನ್ ರಾಬಿನ್ಸನ್ ರಾತ್ರಿಯಿಡೀ ತಮ್ಮ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಸಾವಿರಾರು ಕರಪತ್ರ ತೆಗೆದರು. ಕಪ್ಪು ಟ್ಯಾಕ್ಸಿ ಚಾಲಕರು ಬಸ್ ದರವಾದ 10 ಸೆಂಟಿಗೇ ಜನರನ್ನು ಕೂರಿಸಿಕೊಂಡರು. ನಗರಾಡಳಿತ ಅದನ್ನು ತಡೆದಾಗ ಕಾರು ಇದ್ದವರು ಸರದಿಯಲ್ಲಿ ಓಡಿಸಿದರು. ಹೀಗೆ 381 ದಿನ.

ಈಗ ಇನ್ನೊಂದು ಪ್ರಶ್ನೆ. ಬಸ್ಸಿನಲ್ಲಿ ಸಮಾನ ಸೀಟು ಸಿಕ್ಕರೆ ಬಸ್ ಬಿಟ್ಟು ಕಾಲ್ನಡಿಗೆಯಲ್ಲಿ ಹೋದವರಿಗೂ ಸಿಗುತ್ತದೆ, ಏನೂ ಮಾಡದೆ ಮನೆಯಲ್ಲಿ ಕೂತವರಿಗೂ ಸಿಗುತ್ತದೆ. ಹಾಗಿದ್ದ ಮೇಲೆ ಕಾಲು ಯಾಕೆ ಸವೆಸಬೇಕು? ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲಿ ಎತ್ತಿದ್ದು ಇದೇ ತಕರಾರು. ಇದಕ್ಕೆ ಉತ್ತರದ ದೊಡ್ಡ ಪಾಲು 'ನಾವು' ಎಂಬ ಮಾತಿನಲ್ಲಿದೆ. ಅದನ್ನೇ ಸಾಮೂಹಿಕ ಗುರುತು ಎನ್ನುವುದು. ಕರಪತ್ರ, ಭಾಷಣ ಸಿಕ್ಕರೆ ಪೆನ್ಸಿಲ್ ಹಿಡಿದು 'ನಾವು', 'ಅವರು' ಬಂದಲ್ಲೆಲ್ಲ ಗೆರೆ ಎಳೆಯಿರಿ. ಅರ್ಧ ಗಂಟೆಯ ಕೆಲಸ. ಹತ್ತು ಪುಟದ ನೋಟ್ಸ್‌ಗಿಂತ ಹೆಚ್ಚು ಕಲಿಸುತ್ತದೆ.

ಸಮಾಜಶಾಸ್ತ್ರಜ್ಞ ಮಾರಿಯೋ ಡಿಯಾನಿ 1992ರಲ್ಲಿ ಸಾಮಾಜಿಕ ಚಳವಳಿಗೆ ಕೊಟ್ಟ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ: ವ್ಯಕ್ತಿಗಳು, ಗುಂಪುಗಳು, ಸಂಘಟನೆಗಳ ನಡುವಿನ ಅನೌಪಚಾರಿಕ ಜಾಲ; ರಾಜಕೀಯ ಇಲ್ಲವೇ ಸಾಂಸ್ಕೃತಿಕ ಸಂಘರ್ಷ; ಸಾಮೂಹಿಕ ಗುರುತು. ಒಂದೇ ವ್ಯಾಖ್ಯೆ ಬಾಯಿಪಾಠ ಮಾಡುವುದಾದರೆ ಇದನ್ನೇ ಮಾಡಿ. 'ಚಳವಳಿಯ ಹನ್ನೆರಡು ಲಕ್ಷಣಗಳು' ಎಂದು ಪಟ್ಟಿ ಕೊಡುವ ಗೈಡ್ ಮನೆಯಲ್ಲಿದ್ದರೆ ರದ್ದಿಗೆ ಹಾಕಿ. ನಾನು ಓದುವಾಗ ಅಂಥದ್ದೊಂದನ್ನು ನಂಬಿ ಕಾರ್ಮಿಕ ಸಂಘದ ವಾರ್ಷಿಕ ಸಭೆಯನ್ನೂ ಚಳವಳಿ ಎಂದು ಬರೆದು ಬಂದಿದ್ದೆ.

4. ಸಂಘಟನೆಯನ್ನು ಚಳವಳಿಯಿಂದ ಬೇರೆ ಮಾಡಿ. ಸಂಘಟನೆಗೆ ಸದಸ್ಯತ್ವದ ರಸೀದಿ ಇರುತ್ತದೆ, ಚಳವಳಿಯಲ್ಲಿ ಪಾಲ್ಗೊಳ್ಳುವವರಷ್ಟೇ ಇರುತ್ತಾರೆ. ಒಂದು ಚಳವಳಿಯೊಳಗೆ ಪರಸ್ಪರ ಜಗಳವಾಡುವ ಐದಾರು ಸಂಘಟನೆಗಳೂ ಇರಬಹುದು.

5. ವಿಧಾನ ನೋಡಿ: ಮೆರವಣಿಗೆ, ಬಹಿಷ್ಕಾರ, ಧರಣಿ, ಮನವಿ. ತಲೆ ಎಣಿಕೆಗೆ ಜಾಗ ಸಿಗುವುದು ಈಗ. ಚಳವಳಿಗಳು ಲೋಕದೆದುರು ತೋರಿಸಿಕೊಳ್ಳುವುದು ಯೋಗ್ಯತೆ, ಒಗ್ಗಟ್ಟು, ಸಂಖ್ಯೆ, ಬದ್ಧತೆ ಎಂದು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಟಿಲ್ಲಿ ಹೇಳುತ್ತಾರೆ. ನಾಲ್ಕರಲ್ಲಿ ಸಂಖ್ಯೆ ಒಂದು.

6. ಮಾನವಶಾಸ್ತ್ರಜ್ಞ ಡೇವಿಡ್ ಏಬರ್ಲಿ ಹೇಳಿದ ಚಳವಳಿಯ ನಾಲ್ಕು ವಿಧಗಳನ್ನು ಈಗ ಹೊರತೆಗೆಯಬಹುದು. ಬದಲಾಗಬೇಕಾದ್ದು ವ್ಯಕ್ತಿಯೋ ಸಮಾಜವೋ, ಭಾಗಶಃವೋ ಪೂರ್ತಿಯೋ ಎಂದು ಕೇಳಿದರೆ ವಿಧ ತಾನಾಗಿ ಸಿಗುತ್ತದೆ. ಆದರೆ ಅದರಿಂದಲೇ ಶುರು ಮಾಡಿದರೆ ಮೂರನೆಯ ಹಂತಕ್ಕೆ ಬರುವಷ್ಟರಲ್ಲಿ ಪುಟ ಮುಗಿದಿರುತ್ತದೆ.