ಕಾರಿನ ಸೀಟು ಮತ್ತು ಹೆಡ್‌ರೆಸ್ಟ್ ಹೊಂದಿಸಿಕೊಳ್ಳುವುದು ಹೇಗೆ?

ಸೀಟನ್ನು ಅಂದಾಜಿಗೆ ಮುಂದೆ ಎಳೆದು, ಕನ್ನಡಿ ತಿರುಗಿಸಿಕೊಂಡು ಹೊರಟುಬಿಡುವವರೇ ಹೆಚ್ಚು. ಹೆಡ್‌ರೆಸ್ಟ್ ಮಾತ್ರ ಕಾರು ಕೊಂಡ ದಿನ ಇದ್ದಲ್ಲೇ, ಅಂದರೆ ತೀರಾ ಕೆಳಗೆ, ಉಳಿದಿರುತ್ತದೆ. ಅದನ್ನು ಸರಿಪಡಿಸುವ ಮೊದಲು ಸೀಟು ಸರಿಯಾಗಬೇಕು. ಎಲ್ಲವನ್ನೂ ಕಾರು ನಿಂತಿರುವಾಗಲೇ ಮಾಡಿ.

1. ಹಿಂಜೇಬಿನ ಪರ್ಸ್ ತೆಗೆದಿಡಿ. ಸೊಂಟ ಬೆನ್ನೊರಗಿಗೆ ಪೂರ್ತಿ ತಾಗುವಂತೆ ಕುಳಿತುಕೊಳ್ಳಿ.

2. ಎತ್ತರ ಮೊದಲು. ಹಲವು ಕಾರುಗಳಲ್ಲಿ ಸೀಟು ಮೇಲೇರುತ್ತ ತುಸು ಮುಂದಕ್ಕೂ ಸರಿಯುತ್ತದೆ, ಹಾಗಾಗಿ ಇದನ್ನು ಕೊನೆಗಿಟ್ಟರೆ ಉಳಿದ ಅಳತೆಯೆಲ್ಲ ಕೆಡುತ್ತದೆ. ತಲೆಗೂ ಛಾವಣಿಗೂ ನಡುವೆ ಒಂದು ಅಂಗೈಯಷ್ಟು ಜಾಗ ಇರಲಿ.

3. ಕ್ಲಚ್ ಅನ್ನು ತಳದವರೆಗೆ ಒತ್ತಿ. ಆಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಆಟೊಮ್ಯಾಟಿಕ್ ಕಾರಾದರೆ ಬ್ರೇಕನ್ನು ಜೋರಾಗಿ ಒತ್ತಿ ನೋಡಿ. ಲಿವರ್ ಬಿಟ್ಟ ಮೇಲೆ ಸೀಟನ್ನು ಹಿಂದೆ ಮುಂದೆ ಅಲುಗಿಸಿ, 'ಕಟಕ್' ಎಂದು ಕಚ್ಚಿಕೊಂಡಿತೇ ಖಚಿತಪಡಿಸಿಕೊಳ್ಳಿ. ಅರೆಬರೆ ಕಚ್ಚಿದ ಸೀಟು ಬ್ರೇಕ್ ಹಾಕಿದಾಗ ಜಾರುತ್ತದೆ.

4. ಭುಜಗಳು ಬೆನ್ನೊರಗಿಗೆ ಅಂಟಿರುವಾಗಲೇ ಕೈ ಚಾಚಿ. ಮಣಿಕಟ್ಟು ಸ್ಟೀರಿಂಗ್‌ನ ಮೇಲಂಚಿಗೆ ಸಲೀಸಾಗಿ ಕೂರಬೇಕು. ಎದೆಗೂ ಸ್ಟೀರಿಂಗ್‌ನ ನಡುಭಾಗಕ್ಕೂ ಕನಿಷ್ಠ 25 ಸೆಂ.ಮೀ. ಅಂತರ ಬೇಕು, ಏರ್‌ಬ್ಯಾಗ್ ಅರಳಲು ಅಷ್ಟು ಜಾಗ ಅಗತ್ಯ. ಆರಾಮಕ್ಕೆಂದು ಬೆನ್ನೊರಗನ್ನು ತುಂಬ ಹಿಂದಕ್ಕೆ ಒರಗಿಸಬೇಡಿ. ಡಿಕ್ಕಿಯಾದಾಗ ಮೈ ಬೆಲ್ಟಿನ ಅಡಿ ಜಾರಿ, ಬೆಲ್ಟು ಸೊಂಟದ ಮೂಳೆ ಬಿಟ್ಟು ಹೊಟ್ಟೆಯನ್ನು ಕಚ್ಚುತ್ತದೆ. ಮಣಿ ಹೆಣೆದ ಸೀಟು ಹಾಸುಗಳಿಂದಲೂ ಹೀಗೆ ಜಾರುವುದು ಸುಲಭ; ತೆಗೆದುಬಿಡಿ.

5. ಈಗ ಹೆಡ್‌ರೆಸ್ಟ್. ಬೆನ್ನೊರಗು ಬಾಗಿದಷ್ಟೂ ತಲೆಯ ಹಿಂದಿನ ಅಂತರ ಬದಲಾಗುವುದರಿಂದ ಇದಕ್ಕೆ ಇಲ್ಲೇ ಸರದಿ. ಹಿಂದಿನಿಂದ ವಾಹನ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ದೂಡುತ್ತದೆ. ಸುಮಾರು 5 ಕೆ.ಜಿ. ತೂಗುವ ತಲೆ ಮಾತ್ರ ಇದ್ದಲ್ಲೇ ಉಳಿಯುತ್ತದೆ, ನಡುವೆ ಕುತ್ತಿಗೆ ತಿರುಚಿಕೊಳ್ಳುತ್ತದೆ. ತಲೆಯನ್ನು ಆ ಕ್ಷಣಕ್ಕೆ ತಡೆಯುವುದೇ ಹೆಡ್‌ರೆಸ್ಟ್‌ನ ಕೆಲಸ. ಅದು ಕುತ್ತಿಗೆಯ ಮಟ್ಟಕ್ಕಿದ್ದರೆ ತಲೆ ಅದರ ಮೇಲಿಂದ ಹಿಂದಕ್ಕೆ ಬಾಗಿ ಪೆಟ್ಟು ಹೆಚ್ಚುತ್ತದೆ.

ಹೆಡ್‌ರೆಸ್ಟ್‌ನ ಮೇಲಂಚು ನೆತ್ತಿಯ ಸಮಕ್ಕೆ ಬರಲಿ. ಉದ್ದನೆಯವರಿಗೆ ಅಷ್ಟು ಸಾಧ್ಯವಾಗದಿದ್ದರೆ ಲಾಕ್ ಆಗುವ ಕೊನೆಯ ಹಂತದವರೆಗೆ ಎತ್ತಿ. ಕಿವಿಯ ಮೇಲ್ತುದಿಗಿಂತ ಕೆಳಗಂತೂ ಬೇಡ. ಏರಿಸಲು ಮೇಲಕ್ಕೆ ಎಳೆದರೆ ಸಾಕು. ಇಳಿಸಲು ಸರಳಿನ ಬುಡದ ಗುಂಡಿ ಒತ್ತಬೇಕು. ಕೊನೆಗೆ ಅಂಗೈಯಿಂದ ಕೆಳಕ್ಕೆ ಅದುಮಿ, ಇಳಿಯದಿದ್ದರೆ ಲಾಕ್ ಆಗಿದೆ ಎಂದರ್ಥ.

ತಲೆಯ ಹಿಂಭಾಗಕ್ಕೂ ಹೆಡ್‌ರೆಸ್ಟ್‌ಗೂ ಅಂತರ 5 ಸೆಂ.ಮೀ. ಒಳಗೇ ಇರಲಿ, ಹೆಚ್ಚೆಂದರೆ ಮೂರು ಬೆರಳು ಅಡ್ಡ ಹಿಡಿದಷ್ಟು. ಕತ್ತನ್ನು ಮುಂದಕ್ಕೆ ದೂಡುತ್ತದೆಂದು ಕೆಲವರು ಅದನ್ನು ಕಿತ್ತು ಹಿಂದುಮುಂದಾಗಿ ಸಿಕ್ಕಿಸುತ್ತಾರೆ. ಅಂತರ ಹೆಚ್ಚುತ್ತದೆ, ಖಂಡಿತ ಬೇಡ. ಬೆನ್ನೊರಗನ್ನು ಒಂದು ಹಲ್ಲು ಹಿಂದೆ ಸರಿಸಿದರೆ ಆ ಕಿರಿಕಿರಿ ಸಾಮಾನ್ಯವಾಗಿ ತಪ್ಪುತ್ತದೆ. ಪಟ್ಟಿಯಿಂದ ಕಟ್ಟುವ ಕುತ್ತಿಗೆ ದಿಂಬುಗಳನ್ನೂ ಕೊಳ್ಳಬೇಡಿ: ಅವು ಕುತ್ತಿಗೆಗೆ ಒತ್ತಿ ನಿಂತು ತಲೆಯನ್ನು ಹೆಡ್‌ರೆಸ್ಟ್‌ನಿಂದ ದೂರವಿಡುತ್ತವೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ಅದನ್ನು ಮುಚ್ಚುವ ಕವರ್ ಹೊಲಿಸುವುದೂ ತಪ್ಪು.

6. ಸ್ಟೀರಿಂಗ್, ಬೆಲ್ಟ್, ಕನ್ನಡಿಗಳು ಕೊನೆಗೆ, ಇದೇ ಕ್ರಮದಲ್ಲಿ.

ಹಿಂದಿನ ಸೀಟಿನಲ್ಲಿ ಯಾರಾದರೂ ಕುಳಿತರೆ ಅವರ ಹೆಡ್‌ರೆಸ್ಟನ್ನೂ ಎತ್ತಿ. ಕಾರನ್ನು ಬೇರೆಯವರು ಓಡಿಸಿದ್ದರೆ ಮತ್ತೆ ಎಲ್ಲವನ್ನೂ ನೋಡಿ. ಸೀಟಿನ ಜಾಗ ನೆನಪಿಡುವ ಬಟನ್ ಇರುವ ಕಾರುಗಳಲ್ಲೂ ಹಲವು ಬಾರಿ ಹೆಡ್‌ರೆಸ್ಟ್ ಅದಕ್ಕೆ ಸೇರಿರುವುದಿಲ್ಲ.