ಫೋನ್ ಯಾರ ಕೈಯಲ್ಲಿದೆ?

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಸ್ವಸಹಾಯ ಸಂಘದ ಇಪ್ಪತ್ತೆರಡು ಹೆಣ್ಣುಮಕ್ಕಳು ಗೋಡೆಗೆ ಒರಗಿ ಕೂತಿದ್ದರು. ನಾಟಕದ ಶಿಬಿರ ನಡೆಸಲು ಹೋಗಿದ್ದ ನಾನು, ಬಾಲ್ಯವಿವಾಹದ ಬಗ್ಗೆ ಏನನ್ನಿಸುತ್ತೆ ಅಂತ ಕೇಳಿದೆ. ಎಲ್ಲರೂ ಒಂದೇ ದನಿಯಲ್ಲಿ 'ತಪ್ಪರೀ' ಅಂದರು. ಮಾತು ಅಲ್ಲಿಗೇ ಮುಗಿಯಿತು. ಸಾಹೇಬರು ಬಂದಾಗಲೆಲ್ಲ ಹೇಳಿ ಹೇಳಿ ಆ ಉತ್ತರ ಅವರಿಗೆ ಬಾಯಿಪಾಠ.

ಮಾತು ಬಿಟ್ಟು ಆಟ ಶುರು ಮಾಡಿದೆ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೋ ಬೋಆಲ್ ಬಳಸುತ್ತಿದ್ದ ಆಟ ಅದು. ಹೆಸರು ಕೊಲಂಬಿಯನ್ ಹಿಪ್ನಾಸಿಸ್, ನಾನು ಸುಮ್ನೆ ಅಂಗೈ ಆಟ ಅಂತೀನಿ. ಒಬ್ಬರು ಇನ್ನೊಬ್ಬರ ಮುಖದ ಮುಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಬೇಕು, ಅಂಗೈ ಹೋದ ಕಡೆ ಮುಖ ಹೋಗಬೇಕು, ಅಷ್ಟೇ. ನನಗೆ ಗೊತ್ತಿಲ್ಲದೆ ಒಂದು ಕಡೆ ಅತ್ತೆ-ಸೊಸೆ ಜೋಡಿ ಆಗಿಬಿಟ್ಟರು. ಸೊಸೆ ಕೈ ಎತ್ತಿದಳು, ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಅತ್ತೆಯನ್ನು ಬಗ್ಗಿಸಿ, ಕಸಬರಿಗೆ ಇಟ್ಟ ಮೂಲೆಯವರೆಗೂ ಕರೆದುಕೊಂಡು ಹೋದಳು. ಭವನವೆಲ್ಲ ನಗು, ಅತ್ತೆಗೂ ನಗು. ಹೇಗನ್ನಿಸಿತು ಅಂತ ಕೇಳಿದರೆ ಸೊಸೆ, 'ಮೊದ್ಲಿಗೆ ಎಲ್ಲಿ ಕರ್ಕೊಂಡು ಹೋಗ್ಬೇಕು ಅನ್ನೋದ ತಿಳೀಲಿಲ್ರೀ' ಅಂದಳು.

(ಮೊಣಕಾಲು ನೋವು ಯಾರಿಗಿದೆ ಅಂತ ಮೊದಲೇ ಕೇಳಿಕೊಳ್ಳಿ. ನಾನು ಕೇಳಿರಲಿಲ್ಲ, ಒಬ್ಬ ಅಜ್ಜಿಯನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು.)

ಮೂರನೇ ದಿನ ಸಂಜೆ ಗುಡಿ ಕಟ್ಟೆಯ ಮುಂದೆ ಫೋರಂ ಥಿಯೇಟರ್. ಹತ್ತನೇ ಕ್ಲಾಸಿನ ಹುಡುಗಿಗೆ ಮದುವೆ ಗೊತ್ತು ಮಾಡುವ ಎಂಟು ನಿಮಿಷದ ನಾಟಕ. ಒಮ್ಮೆ ಪೂರ್ತಿ ಆಡುತ್ತೇವೆ. ಎರಡನೇ ಸಲ ನೋಡುವವರು ಯಾರು ಬೇಕಾದರೂ 'ನಿಲ್ಲಿ' ಅಂತ ಕೂಗಿ, ಹುಡುಗಿಯ ಜಾಗಕ್ಕೆ ಬಂದು ಬೇರೆ ದಾರಿ ಆಡಿ ತೋರಿಸಬಹುದು. ನಾನು ಜೋಕರ್, ಅಂದರೆ ಇಸ್ಪೀಟಿನ ಜೋಕರ್ ಥರ ಯಾರ ಪಕ್ಷಕ್ಕೂ ಸೇರದೆ ಆಟ ನಡೆಸುವವಳು.

ಮೊದಲು ಬಂದಾಕೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದಳು, ಅಧಿಕಾರಿಗಳು ಬಂದರು, ಮದುವೆ ನಿಂತಿತು. ಚಪ್ಪಾಳೆ. ನಾನೂ ತಟ್ಟಿಬಿಟ್ಟೆ! ಜೋಕರ್ ಮಾಡಬಾರದ ಕೆಲಸ ಅದು. 'ಇದು ನಮ್ಮೂರಲ್ಲಿ ನಡೆಯುತ್ತಾ?' ಅಂತ ಜನರನ್ನೇ ಕೇಳಬೇಕಿತ್ತು. ಪುಣ್ಯಕ್ಕೆ ಹಿಂದಿನಿಂದ ಒಬ್ಬ ಅಜ್ಜಿ ಕೇಳಿದಳು: 'ಫೋನ್ ಯಾರ ಕೈಯಾಗ ಇರತೈತಿ?'

ಫೋನನ್ನು ಅಪ್ಪನ ಅಂಗಿ ಜೇಬಿಗೆ ಹಾಕಿ ಮತ್ತೆ ಆಡಿದೆವು. ಒಬ್ಬಳು ಮೇಷ್ಟ್ರ ಹತ್ತಿರ ಹೋದಳು. ಅವರಿಗೆ ಆಗಲೇ ಲಗ್ನಪತ್ರಿಕೆ ಕೊಟ್ಟಾಗಿತ್ತು. ಇನ್ನೊಬ್ಬಳು ಕಾನೂನು ಹೇಳಿದಳು, ಕರ್ನಾಟಕದಲ್ಲಿ ಇಂಥ ಮದುವೆ ಅಸಿಂಧು ಅಂತ. ಟವೆಲ್ ಸುತ್ತಿಕೊಂಡು ಅಪ್ಪನಾಗಿದ್ದಾಕೆ ಒಂಚೂರೂ ಜಗ್ಗಲಿಲ್ಲ.

ಆಮೇಲೆ ಬಂದಾಕೆ ಹುಡುಗಿಯ ಜಾಗ ಬಿಟ್ಟು ತಾಯಿಯ ಜಾಗಕ್ಕೆ ನಿಂತಳು. ಅದು ನಿಯಮ ಅಲ್ಲ, ಆದರೂ ಬಿಟ್ಟೆ. ಗಂಡನಿಗೆ ನೀರು ಕೊಟ್ಟು ಕೂರಿಸಿ ಕೇಳಿದಳು: 'ಅಕ್ಕನ ಹಂದರದಾಗ ತಂಗಿದೂ ಮುಗಿಸಿದ್ರ ಒಂದ ಖರ್ಚು ಅಂತ, ಹೌದಲ್ರೀ?'

ಅಪ್ಪನಿಗೆ ಮೊದಲ ಸಲ ಮಾತು ಬರಲಿಲ್ಲ. ನಮ್ಮ ನಾಟಕದಲ್ಲಿ ಅಕ್ಕನೇ ಇರಲಿಲ್ಲ! ಹುಡುಗಿ ಧೈರ್ಯ ಮಾಡಿದರೆ ಸಾಕು ಅನ್ನುವ ಥರ ಬರೆದುಕೊಂಡು ಹೋಗಿದ್ದೆವು, ದುಡ್ಡಿನ ಲೆಕ್ಕ ಬಿಟ್ಟೇ ಹೋಗಿತ್ತು.

ಮುಂದಿನ ಊರಿಗೆ ಹೋಗುವ ಮುಂಚೆ ಅಕ್ಕನ ಪಾತ್ರ ಸೇರಿಸಿದೆವು. ಅಲ್ಲಿ ಮೊದಲು 'ನಿಲ್ಲಿ' ಅಂದಾಕೆ ಬಂದು ನಿಂತಿದ್ದು ಅಕ್ಕನ ಜಾಗದಲ್ಲೇ.